ಗೋವಿಂದ ಪೈಗಳು ಎಲ್ಲರವರಾದರು, ಕಯ್ಯಾರರಿಗೆ ಇನ್ನೂ ಅರ್ಧ ಶತಮಾನ

2024ರ ಜನವರಿ 1ರಿಂದ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಕಾಲದಲ್ಲಿ ಬರೆದು ಪ್ರಕಟಿಸಿದ್ದೆಲ್ಲ ನಮ್ಮೆಲ್ಲರ ಸ್ವತ್ತು. ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಟೈಪ್ ಮಾಡಿ ನೆಟ್ಟಿಗೆ ಏರಿಸಬಹುದು, ರಾಗ ಹಾಕಿ ಹಾಡಿ ಮಾರಬಹುದು. ಯಾರ ಅಪ್ಪಣೆಯೂ ಬೇಡ. ಅವತ್ತು ನಮ್ಮ ಕಾಸರಗೋಡಿನ ಕಡೆ ಒಂದು ಸಣ್ಣ ಸಭೆಯೋ, ಪೇಟೆಯಲ್ಲೊಂದು ಬ್ಯಾನರೋ, ಕೊನೆಗೆ ಒಂದು ವಾಟ್ಸಾಪ್ ಶುಭಾಶಯವಾದರೂ ಇದ್ದೀತು ಅಂದುಕೊಂಡಿದ್ದೆ. ನನ್ನ ಕಣ್ಣಿಗಂತೂ ಏನೂ ಬೀಳಲಿಲ್ಲ. ಹೊಸ ವರ್ಷದ ಕೇಕಿನ ಫೋಟೋಗಳು ಮಾತ್ರ ಧಾರಾಳವಾಗಿ ಬಂದವು.

ಲೆಕ್ಕ ಸುಲಭ. ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ಕ್ಕೆ. ನಮ್ಮ 1957ರ ಕಾಪಿರೈಟ್ ಕಾನೂನಿನ ಪ್ರಕಾರ ಲೇಖಕರು ಹೋದ ಮುಂದಿನ ಜನವರಿಯಿಂದ ಎಣಿಸಿ 60 ವರ್ಷ ಹಕ್ಕು ವಾರಸುದಾರರದ್ದು. 2023ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಇದರಲ್ಲೊಂದು ಕೊಕ್ಕೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅವರು ಹೋದ ಮೇಲೆ ಮೊದಲ ಬಾರಿಗೆ ಅಚ್ಚಾದ ಬರಹಗಳಿಗೆ 60 ವರ್ಷ ಎಣಿಸುವುದು ಅಚ್ಚಾದಂದಿನಿಂದ. ಸಂಪಾದಕರ ಮುನ್ನುಡಿ, ಟಿಪ್ಪಣಿಗಳಿಗೂ ಬೇರೆಯೇ ಲೆಕ್ಕ. ಹಾಗಾಗಿ ಇತ್ತೀಚಿನ ಸಂಪುಟವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಹಾಕುವ ಹಾಗಿಲ್ಲ, ಹಳೆ ಪ್ರತಿಯನ್ನೇ ಹುಡುಕಬೇಕು.

ಇನ್ನು ನಮ್ಮ ಇನ್ನೊಬ್ಬ ಹಿರಿಯರನ್ನು ನೋಡಿ. ಬದಿಯಡ್ಕದ ಹತ್ತಿರ ಪೆರಡಾಲದಲ್ಲಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿಸಿ 2015ರ ಆಗಸ್ಟ್ 9ರಂದು ತೀರಿಕೊಂಡರು. ಅದೇ ಲೆಕ್ಕದಲ್ಲಿ ಅವರ ಪದ್ಯಗಳು ಎಲ್ಲರವಾಗುವುದು 2076ರ ಜನವರಿ 1ಕ್ಕೆ. ಇಪ್ಪತ್ತೈದರ ಪ್ರಾಯದಲ್ಲಿ ಬರೆದದ್ದಕ್ಕೂ ಅದೇ ಗಡುವು, ತೊಂಬತ್ತರಲ್ಲಿ ಬರೆದದ್ದಕ್ಕೂ ಅದೇ. ಈಗ ಒಂದನೇ ಕ್ಲಾಸಿಗೆ ಸೇರಿದ ಮಗು ನೌಕರಿ ಮುಗಿಸಿ ರಿಟೈರ್ ಆಗುವ ಹೊತ್ತಿಗೆ ಕಯ್ಯಾರರ ಪದ್ಯವನ್ನು ಯಾರನ್ನೂ ಕೇಳದೆ ನೆಟ್ಟಲ್ಲಿ ಹಾಕಬಹುದು. ತುಂಬಾ ಬದುಕಿದ ಕವಿಯ ಪುಸ್ತಕ ತುಂಬಾ ಕಾಲ ಬೀಗದೊಳಗೆ. ವಿಚಿತ್ರ ಅಲ್ವಾ?

ಈ 60 ವರ್ಷ ಎಲ್ಲಿಂದ ಬಂತು ಅನ್ನುವುದೂ ಒಂದು ಕಥೆ. ಮೊದಲು ಇದ್ದದ್ದು 50. ರವೀಂದ್ರನಾಥ ಟಾಗೋರರು ಹೋದದ್ದು 1941ರಲ್ಲಿ, ಹಾಗಾಗಿ 1991ರ ಕೊನೆಗೆ ಅವರ ಹಕ್ಕು ಮುಗಿಯಬೇಕಿತ್ತು. ಆ ಹಕ್ಕು ವಿಶ್ವಭಾರತಿಯ ಕೈಯಲ್ಲಿತ್ತು, ಬಿಟ್ಟುಕೊಡಲು ಮನಸ್ಸಿರಲಿಲ್ಲ. ಸರ್ಕಾರ ಅವಸರವಾಗಿ ಸುಗ್ರೀವಾಜ್ಞೆ ತಂದು, 1992ರಲ್ಲಿ ಕಾನೂನನ್ನೇ ತಿದ್ದಿ 60 ಮಾಡಿತು. ಒಬ್ಬ ಕವಿಯ ಸಲುವಾಗಿ ಇಡೀ ದೇಶದ ಎಲ್ಲ ಭಾಷೆಯ ಎಲ್ಲ ಪುಸ್ತಕಕ್ಕೂ ಹತ್ತು ವರ್ಷ ಜಾಸ್ತಿ ಬೀಗ. 1937ರಲ್ಲೇ ತೀರಿಕೊಂಡ ಪಂಜೆ ಮಂಗೇಶರಾಯರು ಮಾತ್ರ ಈ ತಿದ್ದುಪಡಿಗೆ ಮುಂಚೆಯೇ ತಪ್ಪಿಸಿಕೊಂಡರು, 1988ರಿಂದಲೇ ಅವರು ನಮ್ಮವರು.

ಇದು ಕನ್ನಡದವರಿಗೆಲ್ಲ ಇರುವ ತೊಂದರೆ, ಕಾಸರಗೋಡಿನವರಿಗೇನು ಸ್ಪೆಷಲ್ ಅಂತ ಕೇಳಬಹುದು. ಸ್ಪೆಷಲ್ ಇದೆ.

1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಹೋಯಿತು, ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ. ಆಮೇಲಿನ ಮೂವತ್ತು ನಲವತ್ತು ವರ್ಷ ಇಲ್ಲಿನವರು ಬರೆದಷ್ಟು ಬೇರೆ ಯಾವಾಗಲೂ ಬರೆದಿಲ್ಲ ಅಂತ ನನ್ನ ಅಂದಾಜು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕರ್ನಾಟಕ ಸಮಿತಿಯ ಚುನಾವಣೆಗಳು, 1967ರ ಮಹಾಜನ್ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಅದು ಹೇಳಿದ್ದು, ಏನೂ ಆಗದೇ ಹೋದದ್ದು, ಕನ್ನಡ ಶಾಲೆಗಳ ಜಗಳ. ಇದೆಲ್ಲ ಕರಪತ್ರವಾಗಿ, ಕವನವಾಗಿ, ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಾಗಿ, ದೇವಸ್ಥಾನದ ಬ್ರಹ್ಮಕಲಶದ ಪುಸ್ತಕವಾಗಿ ಅಚ್ಚಾಯಿತು. ಪೇಟೆಯ ಸಣ್ಣ ಪ್ರೆಸ್ಸಿನಲ್ಲಿ ಕೆಲವು ನೂರು ಪ್ರತಿ. ಅರ್ಧ ಮಾರಾಟ, ಅರ್ಧ ನೆಂಟರಿಗೆ. ಬೆಂಗಳೂರಿನ ಪ್ರಕಾಶಕರು ಅದನ್ನು ಮತ್ತೆ ಅಚ್ಚು ಹಾಕುವುದಿಲ್ಲ, ಯಾಕೆಂದರೆ ಓದುವವರು ಕಡಿಮೆ. ಕೇರಳದ ಪ್ರಕಾಶಕರು ಹಾಕುವುದಿಲ್ಲ, ಯಾಕೆಂದರೆ ಅದು ಮಲಯಾಳವಲ್ಲ. ಉಳಿದಿರುವ ಪ್ರತಿಗಳು ಮನೆಯ ಅಟ್ಟದಲ್ಲಿ ಗೆದ್ದಲು ಮತ್ತು ಆಟಿ ತಿಂಗಳ ಬೂಷ್ಟಿನ ಜೊತೆ ಹೋರಾಡುತ್ತಿವೆ.

ಈಗ ತಮಾಷೆ ನೋಡಿ. 1886ರ ಮೆನ್ನರ್ ತುಳು ನಿಘಂಟು ಬೇಕೇ? ಮೊಬೈಲಿನಲ್ಲಿ ಒಂದೇ ನಿಮಿಷ. 1894ರ ಕಿಟ್ಟೆಲ್ ನಿಘಂಟು? ಅದೂ ಸಿಗುತ್ತದೆ. ಅದೇ ವರ್ಷ ಸ್ಟರಕ್ ಬರೆದ ಸೌತ್ ಕೆನರಾ ಮ್ಯಾನ್ಯುವಲ್? ಸಿಗುತ್ತದೆ. ಬಾಸೆಲ್ ಮಿಷನ್‌ನವರು, ಬ್ರಿಟಿಷ್ ಕಲೆಕ್ಟರುಗಳು ನಮ್ಮ ಬಗ್ಗೆ ಬರೆದದ್ದೆಲ್ಲ ಪುಕ್ಕಟೆ. ನಮ್ಮವರೇ ನಮ್ಮ ಬಗ್ಗೆ 1970ರಲ್ಲಿ ಬರೆದ ಪುಸ್ತಕ ಅಂಗಡಿಯಲ್ಲೂ ಇಲ್ಲ, ನೆಟ್ಟಲ್ಲೂ ಇಲ್ಲ, ಹಾಕಲು ಹೋದರೆ ಅಪರಾಧ. ನಾಳೆ ಯಾರಾದರೂ ಹುಡುಗ ಫೋನಿನಲ್ಲಿ ಕಾಸರಗೋಡಿನ ಚರಿತ್ರೆ ಹುಡುಕಿದರೆ ಅವನಿಗೆ ಸಿಗುವುದು ಕಲೆಕ್ಟರ್ ಸಾಹೇಬರು ಕಂಡ ಕಾಸರಗೋಡು. ಅವನ ಅಜ್ಜ ಕಂಡದ್ದಲ್ಲ. ನನ್ನ ಸಿಟ್ಟೆಲ್ಲ ಇಷ್ಟಕ್ಕೇ. ಲೇಖಕರನ್ನು ಕಾಯಬೇಕಾದ ಕಾನೂನು ನಮ್ಮ ಮಟ್ಟಿಗೆ ಲೇಖಕರ ನೆನಪನ್ನೇ ತಿಂದುಹಾಕುತ್ತಿದೆ, ಅದೂ ನಾವು ಜಾಸ್ತಿ ಮಾತಾಡಿದ ವರ್ಷಗಳನ್ನೇ ಆರಿಸಿಕೊಂಡು.

ಪೂರ್ತಿ ಕತ್ತಲೆ ಅಂತಲ್ಲ. ಲೇಖಕರ ಹೆಸರಿಲ್ಲದೆ ಅಚ್ಚಾದ ಬರಹಕ್ಕೆ ಕಾನೂನು ಪ್ರಕಟವಾದ ವರ್ಷದಿಂದ 60 ಎಣಿಸುತ್ತದೆ. ಅಂದರೆ 1956ರ ಹೆಸರಿಲ್ಲದ ವಿಲೀನ ಚಳವಳಿಯ ಕರಪತ್ರ 2017ರಿಂದಲೇ ಸ್ವತಂತ್ರ. ಬರೆದವರು ಯಾರು ಅಂತ ಈ ಮಧ್ಯೆ ಬಹಿರಂಗವಾಗಿ ಗೊತ್ತಾಗಿರಬಾರದು ಅಷ್ಟೇ. ಮಂಜೇಶ್ವರದಿಂದ 1957ರಲ್ಲಿ ಉಮೇಶರಾಯರು ವಿಧಾನಸಭೆಗೆ ಅವಿರೋಧವಾಗಿ ಗೆದ್ದ ಕಾಲದ ನೋಟೀಸು, ಕರೆಯೋಲೆ ನಿಮ್ಮ ಮನೆಯಲ್ಲಿದ್ದರೆ ಹೆದರದೆ ಫೋಟೋ ತೆಗೆದು ಹಾಕಿ. ಕೆಳಗೆ ಯಾರ ಹೆಸರೂ ಇಲ್ಲ ಅನ್ನುವುದನ್ನು ಒಮ್ಮೆ ನೋಡಿಕೊಳ್ಳಿ.

ಹೆಸರಿದ್ದು, ಆ ಮನುಷ್ಯರೇ ಸಿಗದಿದ್ದರೆ? ವಾರಸುದಾರರು ಎಲ್ಲಿದ್ದಾರೆಂದೇ ಗೊತ್ತಿಲ್ಲದಿದ್ದರೆ? ಇದಕ್ಕೂ ಕಾನೂನಿನಲ್ಲಿ ದಾರಿ ಇದೆ, ಸೆಕ್ಷನ್ 31ಎ. ಲೇಖಕರು ತೀರಿಕೊಂಡಿದ್ದರೆ, ಅಥವಾ ಯಾರೆಂದು ಗೊತ್ತಿಲ್ಲದಿದ್ದರೆ, ಅಥವಾ ಹಕ್ಕಿನ ಒಡೆಯರು ಪತ್ತೆಯಾಗದಿದ್ದರೆ ಪುಸ್ತಕ ಪ್ರಕಟಿಸಲು ಲೈಸೆನ್ಸ್ ಕೇಳಬಹುದು. ಮೊದಲು ಇದಕ್ಕೆ ಕಾಪಿರೈಟ್ ಬೋರ್ಡ್ ಇತ್ತು. ಆಮೇಲೆ ಆ ಕೆಲಸ ಇನ್ನೊಂದು ಮಂಡಳಿಗೆ ಹೋಯಿತು, 2021ರಲ್ಲಿ ಆ ಮಂಡಳಿಯನ್ನೂ ತೆಗೆದುಹಾಕಿದರು, ಈಗ ಕೋರ್ಟಿಗೇ ಹೋಗಬೇಕು. ಹೋಗುವ ಮುಂಚೆ ಇನ್ನೊಂದು ಕೆಲಸ ಇದೆ. ದೇಶದ ಹೆಚ್ಚಿನ ಭಾಗದಲ್ಲಿ ಓಡಾಡುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಹೌದು, ಇಂಗ್ಲಿಷ್ ಪತ್ರಿಕೆಯಲ್ಲಿ! ಅನುವಾದಕ್ಕಾದರೆ ಮಾತ್ರ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಮುಳ್ಳೇರಿಯದ ಯಾರೋ ಮಾಷ್ಟ್ರು 1974ರಲ್ಲಿ ಬರೆದ ಕನ್ನಡ ಪುಸ್ತಕದ ವಾರಸುದಾರರನ್ನು ದಿಲ್ಲಿ ಬೊಂಬಾಯಿಯ ಇಂಗ್ಲಿಷ್ ಪೇಪರಿನಲ್ಲಿ ಹುಡುಕುವುದು. ಆ ಜಾಹೀರಾತಿನ ದುಡ್ಡಿನಲ್ಲಿ ಪುಸ್ತಕವನ್ನೇ ಮತ್ತೆ ಅಚ್ಚು ಹಾಕಿಸಬಹುದೇನೋ. ಈ ಸೆಕ್ಷನ್ ಬರೆದವರಿಗೆ ನಮ್ಮ ಊರು ಗೊತ್ತಿಲ್ಲ ಅನ್ನುವುದಕ್ಕಿಂತ, ಇಂಗ್ಲಿಷ್ ಪೇಪರ್ ಬಾರದ ಮನೆಯಲ್ಲೂ ಪುಸ್ತಕ ಬರೆಯುವವರಿರುತ್ತಾರೆ ಅಂತ ಅವರಿಗೆ ಹೊಳೆಯಲೇ ಇಲ್ಲ ಅಂತ ಕಾಣುತ್ತದೆ.

ಬೀಗದ ಕೈ ಹತ್ತಿರವೇ ಇರುವ ಇನ್ನೊಂದು ಜಾಗ ಇದೆ. ಅದು ಗ್ರಂಥಾಲಯ. ಯಾವುದೆಲ್ಲ ಉಲ್ಲಂಘನೆ ಅಲ್ಲ ಅಂತ ಪಟ್ಟಿ ಮಾಡುವ ಸೆಕ್ಷನ್ 52ಕ್ಕೆ 2012ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ಮಾತು ಸೇರಿತು. ಲಾಭಕ್ಕೆ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಕಾಪಿಡುವುದಕ್ಕಾಗಿ ಸ್ಕ್ಯಾನ್ ಮಾಡಿಟ್ಟುಕೊಳ್ಳಬಹುದು. ಭಾರತದಲ್ಲಿ ಎಲ್ಲೂ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಗ್ರಂಥಾಲಯದ ಬಳಕೆಗೆ ಮೂರು ಪ್ರತಿವರೆಗೆ ಮಾಡಿಸಲೂಬಹುದು. ಇದು ನಮ್ಮ ಕಡೆಗೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಕೇರಳದಲ್ಲಿ ಗ್ರಂಥಾಲಯ ಅಂದರೆ ಸುಮ್ನೆ ಅಲ್ಲ. ಪಿ. ಎನ್. ಪಣಿಕ್ಕರ್ 1945ರಲ್ಲಿ ಶುರು ಮಾಡಿದ ಗ್ರಂಥಾಲಯ ಚಳವಳಿ ಊರೂರಿಗೆ ತಲುಪಿದೆ, ಅವರು ಹೋದ ದಿನ ಜೂನ್ 19 ಇಲ್ಲಿ ಓದುವ ದಿನ. ಗಡಿಯ ಹಳ್ಳಿಗಳ ವಾಚನಾಲಯಗಳಲ್ಲಿ ಕನ್ನಡದ ಕಪಾಟುಗಳಿವೆ, ಆ ಕಪಾಟುಗಳಲ್ಲಿ ಬೇರೆಲ್ಲೂ ಇಲ್ಲದ ಪುಸ್ತಕಗಳಿವೆ.

ಅಂಥ ಒಂದು ವಾಚನಾಲಯದ ಜವಾಬ್ದಾರಿ ಹೊತ್ತ ನಿವೃತ್ತ ಮಾಷ್ಟ್ರಲ್ಲಿ ಕೇಳಿದೆ. “ಮಾಷ್ಟ್ರೇ, ಈ ಹಳೇದನ್ನೆಲ್ಲ ಸ್ಕ್ಯಾನ್ ಮಾಡಿ ಇಡುವ ಅಲ್ವಾ?”

“ಬೇಡಪ್ಪ, ಕಾಪಿರೈಟ್ ಅಂತ ಒಂದುಂಟಲ್ಲ. ಯಾರಾದರೂ ಕೇಸು ಹಾಕಿದರೆ ಈ ಪ್ರಾಯದಲ್ಲಿ ನಾನು ಎಲ್ಲಿಗೆ ಓಡುವುದು?”

ಸೆಕ್ಷನ್ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು, ನಂಬಿದ ಹಾಗೆ ಕಾಣಲಿಲ್ಲ. ಅವರ ತಪ್ಪಲ್ಲ. ಸೆಕ್ಷನ್ 63ರಲ್ಲಿ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತಿದೆ. ದುಡ್ಡಿನ ಆಸೆಗೆ ಮಾಡಿದ್ದಲ್ಲದಿದ್ದರೆ ಕೋರ್ಟು ಶಿಕ್ಷೆ ಕಡಿಮೆ ಮಾಡಬಹುದು ಅಂತಲೂ ಅದರ ಕೆಳಗೇ ಇದೆ. ಆದರೆ ಊರಿಗೆ ತಲುಪುವುದು ಜೈಲು ಅನ್ನುವ ಒಂದು ಪದ ಮಾತ್ರ.

ಇನ್ನೊಂದು ಕಡೆ ನೋಡಿದರೆ, ಮೊನ್ನೆ ಮೊನ್ನೆ ಬಿಡುಗಡೆಯಾದ ಕನ್ನಡ ಕಾದಂಬರಿಯ ಪಿಡಿಎಫ್ ವಾಟ್ಸಾಪ್ ಗುಂಪಿನಲ್ಲಿ ಬಂದು ಬೀಳುತ್ತದೆ. ಹಾಕಿದವರು ಗೌರವಸ್ಥರು. ಕೆಳಗೆ ಹತ್ತು ಜನ ಕೈಮುಗಿದಿರುತ್ತಾರೆ. ಬರೆದವರು ಬದುಕಿದ್ದಾರೆ, ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಪ್ರಕಾಶಕರು ಸಾಲ ಮಾಡಿ ಅಚ್ಚು ಹಾಕಿಸಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ, ಗುಂಪಿನಲ್ಲೇ ಹೇಳಿ ಕೆಟ್ಟವನೂ ಆಗಿದ್ದೇನೆ. ಹೆದರಬೇಕಾದಲ್ಲಿ ಹೆದರಿಕೆ ಇಲ್ಲ, ಹೆದರಬೇಕಿಲ್ಲದಲ್ಲಿ ಕೈಕಾಲು ನಡುಕ. ಕಾನೂನು ಯಾರಿಗೂ ಅರ್ಥವಾಗದ ಭಾಷೆಯಲ್ಲಿದ್ದರೆ ಹೀಗೇ ಆಗುವುದು.

ಹಳೆ ಪುಸ್ತಕ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕುವ ಕೆಲಸವನ್ನು ಸರ್ಕಾರವೇ ಮಾಡಿ ನೋಡಿದ್ದೂ ಉಂಟು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ನಮ್ಮ ತೆರಿಗೆ ದುಡ್ಡಿನಲ್ಲಿ ಲಕ್ಷಾಂತರ ಪುಸ್ತಕ ಸ್ಕ್ಯಾನ್ ಆಯಿತು, ಕನ್ನಡದ್ದೂ ರಾಶಿ ಇತ್ತು. ಒಂದು ದಿನ ಕಾಪಿರೈಟ್ ತಕರಾರು ಅಂತ ಬಾಗಿಲು ಹಾಕಿದರು. ಹಕ್ಕು ಮುಗಿದದ್ದು ಯಾವುದು, ಇನ್ನೂ ಇರುವುದು ಯಾವುದು ಅಂತ ಬೇರೆ ಮಾಡುವ ಗೋಜಿಗೆ ಹೋಗದೆ ಎಲ್ಲವನ್ನೂ ಒಟ್ಟಿಗೆ. ಪುಣ್ಯಕ್ಕೆ ಕಾರ್ಲ್ ಮಾಲಮುಡ್ ಅನ್ನುವ ಅಮೆರಿಕದ ಮನುಷ್ಯ ಅದರ ದೊಡ್ಡ ಭಾಗವನ್ನು ಇಂಟರ್ನೆಟ್ ಆರ್ಕೈವ್ ಅನ್ನುವ ಪುಕ್ಕಟೆ ತಾಣಕ್ಕೆ ಸಾಗಿಸಿದ್ದರು. ಇವತ್ತು ಹಳೆ ಕನ್ನಡ ಪುಸ್ತಕ ಅಲ್ಲಿ ಸಿಕ್ಕಿದರೆ ಅದರ ಹಿಂದೆ ಹೆಚ್ಚಾಗಿ ಈ ಕಥೆ ಇರುತ್ತದೆ.

ಪುಸ್ತಕದ್ದು ಇಷ್ಟಾಯಿತು. ನಮ್ಮ ಕಡೆ ಅದಕ್ಕಿಂತ ದೊಡ್ಡದು ಯಕ್ಷಗಾನ.

ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಯಾರಪ್ಪನ ಸೊತ್ತೂ ಅಲ್ಲ, ಕಾಪಿರೈಟ್ ಅನ್ನುವ ಪದವೇ ಈ ಕಡೆಗೆ ಬರುವ ಮುಂಚಿನವು. ಆದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಳೆಯಲ್ಲಿ ಭಾಗವತರು ಹಾಡುವುದು, ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಹೇಳುವ ಅರ್ಥಧಾರಿಗಳು ಆಡುವುದು? ಶೇಣಿ ಗೋಪಾಲಕೃಷ್ಣ ಭಟ್ಟರು ಒಂದು ರಾತ್ರಿ ಹೇಳಿದ ವಾಲಿಯ ಅರ್ಥ ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಅದು ಎಲ್ಲೂ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಮಾತು. ಕ್ಯಾಸೆಟ್ ಕಂಪನಿಯವರು ಅದನ್ನು ರೆಕಾರ್ಡ್ ಮಾಡಿದರೆ ಆ ರೆಕಾರ್ಡಿಂಗಿನ ಹಕ್ಕು ಪ್ರಕಟವಾದ ವರ್ಷದಿಂದ 60 ವರ್ಷ ಅವರದ್ದು. ಮಾತು ಹುಟ್ಟಿಸಿದವರಿಗೆ ಕಲಾವಿದರ ಹಕ್ಕು ಅಂತ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 1994ರ ತಿದ್ದುಪಡಿಯಲ್ಲಿ, ಆಗ 25 ವರ್ಷಕ್ಕೆ. 1999ರಲ್ಲಿ ಅದು 50 ಆಯಿತು. ಕ್ಯಾಸೆಟ್ಟಿನ ಸುವರ್ಣಯುಗ ಇದ್ದದ್ದು ಎಂಬತ್ತರ ದಶಕದಲ್ಲಿ. ಅಂದರೆ ನಮ್ಮ ದೊಡ್ಡ ದೊಡ್ಡ ಅರ್ಥಧಾರಿಗಳು ಅತ್ಯುತ್ತಮವಾಗಿ ಮಾತಾಡಿದ ಕಾಲಕ್ಕೆ ಅವರ ಮಾತಿಗೆ ಹಕ್ಕೇ ಇರಲಿಲ್ಲ.

ನನ್ನ ಸೋದರಮಾವ ದೇವಸ್ಥಾನದ ಚಾವಡಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಒಂದು ತಾಳಮದ್ದಳೆಯನ್ನು, ಅದರಲ್ಲಿ ಮಾತಾಡಿದವರ ಮನೆಯವರನ್ನೆಲ್ಲ ಕೇಳಿಕೊಂಡೇ, ನಾನು ಒಂದು ವಿಡಿಯೋ ತಾಣಕ್ಕೆ ಹಾಕಿದೆ. ಕೆಲವೇ ಹೊತ್ತಿನಲ್ಲಿ ಸಂದೇಶ ಬಂತು, ಇದರಲ್ಲಿ ಇಂಥ ಕಂಪನಿಯ ಸಂಗೀತ ಇದೆ ಅಂತ. ಆ ಕಂಪನಿಗೂ ಚಾವಡಿಗೂ ಏನೇನೂ ಸಂಬಂಧವಿಲ್ಲ. ಅದೇ ರಾಗ, ಅದೇ ಪದ, ಚೆಂಡೆ ಮದ್ದಳೆಯ ಅದೇ ನಡೆ ಅವರ ಯಾವುದೋ ರೆಕಾರ್ಡಿನಲ್ಲೂ ಇದೆ, ಯಂತ್ರ ಎರಡನ್ನೂ ಒಂದೇ ಅಂದುಕೊಂಡಿದೆ. ಆಕ್ಷೇಪ ಹಾಕಬಹುದು. ಆಕ್ಷೇಪಕ್ಕೆ ಉತ್ತರಿಸಲು ಕಂಪನಿಗೆ 30 ದಿನ ಸಮಯ. ಯಾರು ತೀರ್ಪು ಕೊಡುವುದು ಅಂದರೆ ಮೊದಲ ಸುತ್ತಿನಲ್ಲಿ ಆ ಕಂಪನಿಯೇ! ಕೋರ್ಟಿನಲ್ಲಾದರೆ ಹಕ್ಕು ನನ್ನದು ಅಂದವರು ಸಾಬೀತು ಮಾಡಬೇಕು. ಇಲ್ಲಿ ಅದು ಅವರದ್ದಲ್ಲ ಅಂತ ನಾನು ಸಾಬೀತು ಮಾಡಬೇಕು, ಅದೂ ಇಂಗ್ಲಿಷಿನಲ್ಲಿ, ಯಕ್ಷಗಾನದ ಗಂಧಗಾಳಿ ಇಲ್ಲದವರಿಗೆ.

ಯಕ್ಷಗಾನದ ಕಾಪಿರೈಟ್ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ಶಿವರಾಮ ಕಾರಂತರು ಬ್ಯಾಲೆಯ ರೀತಿಯಲ್ಲಿ ಕಟ್ಟಿದ ಹೊಸ ಬಗೆಯ ಯಕ್ಷಗಾನ, ಅವರೇ ಇಟ್ಟ ಹೆಸರು ಯಕ್ಷರಂಗ. 1994ರ ಉಯಿಲಿನಲ್ಲಿ ಹಕ್ಕುಗಳನ್ನು ಒಬ್ಬರಿಗೆ ಬರೆದಿಟ್ಟರು. ಕಾರಂತರು ಹೋದ ಮೇಲೆ, 2001ರ ಸೆಪ್ಟೆಂಬರಿನಲ್ಲಿ, ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದಿಲ್ಲಿಯಲ್ಲಿ ಅಭಿಮನ್ಯು ವಧೆ ಆಡಿಸಿತು, ಅಪ್ಪಣೆ ಕೇಳಿರಲಿಲ್ಲ. ಕೇಸು ಜಿಲ್ಲಾ ಕೋರ್ಟು, ಹೈಕೋರ್ಟು ದಾಟಿ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಕಾರಂತರ ಹೊಸ ರೂಪಕ್ಕೆ ಹಕ್ಕು ಉಂಟು, ಅದು ಉಯಿಲಿನಲ್ಲಿ ಹೇಳಿದವರಿಗೇ ಸೇರಿದ್ದು ಅಂತಾಯಿತು. ಜೊತೆಗೆ ಕೋರ್ಟು ಇನ್ನೊಂದು ಮಾತು ಸೇರಿಸಿತು, ಸೆಕ್ಷನ್ 52ರ ವಿನಾಯಿತಿಗಳು ಸಂಸ್ಥೆಗೂ ಸಿಗಬೇಕು ಅಂತ.

ಆ ವಿನಾಯಿತಿಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಹವ್ಯಾಸಿ ಸಂಘದವರು ಟಿಕೇಟು ಇಡದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಾಟಕ, ಸಂಗೀತ ಆಡಿ ತೋರಿಸಿದರೆ ಅದು ಉಲ್ಲಂಘನೆ ಅಲ್ಲ. ಅಂದರೆ ನಮ್ಮೂರ ಯುವಕ ಸಂಘದ ಬಯಲಾಟ, ವಿಷು ದಿನದ ತಾಳಮದ್ದಳೆ, ಇಂದಿನ ಕವಿಯ ಪ್ರಸಂಗವೇ ಆದರೂ, ಕಾನೂನಿನ ಕಣ್ಣಲ್ಲಿ ಸರಿ. ಗದ್ದೆಯಲ್ಲಿ ಸಾವಿರ ಜನ ಪುಕ್ಕಟೆ ಕೂತು ನೋಡಿದರೆ ಸರಿ, ಅದನ್ನೇ ದುಬೈಯಲ್ಲಿರುವ ಅಣ್ಣ ಫೋನಿನಲ್ಲಿ ಪುಕ್ಕಟೆ ನೋಡಿದರೆ ತಪ್ಪು. 1957ರಲ್ಲಿ ಗದ್ದೆ ಮಾತ್ರ ಇತ್ತು, ಫೋನ್ ಇರಲಿಲ್ಲ. ವಿನಾಯಿತಿ ಗದ್ದೆಯಲ್ಲೇ ನಿಂತಿದೆ.

ಕೋರ್ಟುಗಳು ಯಾವಾಗಲೂ ದೊಡ್ಡವರ ಕಡೆಗೇ ಅಂತಲೂ ಹೇಳಲಾರೆ. ದಿಲ್ಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಸೇರಿ ಕೇಸು ಹಾಕಿದ್ದವು. ಪಾಠಕ್ಕೆ ಬೇಕಾದ ಪುಟಗಳನ್ನು ಕಟ್ಟು ಕಟ್ಟಿ ಮಾರುತ್ತಿದ್ದರು ಅಂತ. 2016ರಲ್ಲಿ ದಿಲ್ಲಿ ಹೈಕೋರ್ಟು ಕೇಸನ್ನು ತಳ್ಳಿಹಾಕಿ, ಕಾಪಿರೈಟ್ ಅನ್ನುವುದು ದೇವರು ಕೊಟ್ಟ ಹಕ್ಕೂ ಅಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ ಅನ್ನುವ ಅರ್ಥದ ಮಾತು ಹೇಳಿತು. ಮೇಲ್ಮನವಿಯಲ್ಲಿ ಕೆಲವು ವಿಚಾರ ಮತ್ತೆ ನೋಡಬೇಕು ಅಂತಾದರೂ, 2017ರಲ್ಲಿ ಪ್ರಕಾಶಕರೇ ಕೇಸು ಹಿಂದಕ್ಕೆ ತೆಗೆದುಕೊಂಡರು. ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಬ್ರೈಲ್ ಅಥವಾ ಧ್ವನಿಗೆ ಬದಲಾಯಿಸಲು ಅಪ್ಪಣೆ ಬೇಡ ಅಂತ 2012ರಲ್ಲೇ ನಮ್ಮ ಕಾನೂನು ಹೇಳಿತು. 2014ರಲ್ಲಿ ಅದೇ ವಿಚಾರದ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ್ದು ಭಾರತ. ಮನಸ್ಸು ಮಾಡಿದರೆ ಆಗುತ್ತದೆ.

ಕೇರಳದಲ್ಲಿ ಇಂಟರ್ನೆಟ್ಟಿನ ಹಕ್ಕಿನ ಮಾತು ಜೋರು. ಕೋಝಿಕ್ಕೋಡಿನ ಒಬ್ಬ ವಿದ್ಯಾರ್ಥಿನಿ ಹಾಸ್ಟೆಲಿನಲ್ಲಿ ಸಂಜೆ ಮೊಬೈಲ್ ನಿಷೇಧಿಸಿದ್ದನ್ನು ಪ್ರಶ್ನಿಸಿದಾಗ ಕೇರಳ ಹೈಕೋರ್ಟು 2019ರಲ್ಲಿ, ಇಂಟರ್ನೆಟ್ ಬಳಸುವುದು ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಅಂತ ತೀರ್ಪು ಕೊಟ್ಟಿತು. 2023ರ ಜೂನ್ 5ರಂದು ಕೆ-ಫೋನ್ ಅನ್ನುವ ಕೇರಳ ಸರ್ಕಾರದ ಇಂಟರ್ನೆಟ್ ಜಾಲ ಶುರುವಾಯಿತು. ಬಡವರ ಮನೆಗೂ ನೆಟ್. ಬಹಳ ಒಳ್ಳೆಯದು. ಆದರೆ ಆ ತಂತಿಯಲ್ಲಿ ಕನ್ನಡದ ಮನೆಗೆ ಬರುವುದೇನು? 1969ರ ಕೇರಳದ ಕಾನೂನು ಕನ್ನಡ, ತಮಿಳು ಮಾತಾಡುವ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಬಹುದು ಅನ್ನುತ್ತದೆ. ಕಾಗದದ ಕಾಲಕ್ಕೆ ಅದು ನಡೆಯಿತು, ಬರೆದು ಕೊಟ್ಟರೆ ತೆಗೆದುಕೊಳ್ಳಲೇಬೇಕಿತ್ತು. ಈಗ ಆನ್‌ಲೈನ್ ಅರ್ಜಿಯ ಮುಂದೆ ಕೂತ ನಮ್ಮ ಅತ್ತೆಯಂಥವರು ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಹುಡುಗನ ಮುಖ ನೋಡುತ್ತಾರೆ. ಅವನು ಕೇಳಿ ಕೇಳಿ ತುಂಬಿಸುತ್ತಾನೆ, ಅತ್ತೆ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಹಾಕುತ್ತಾರೆ. ಏನು ಒಪ್ಪಿಕೊಂಡರು ಅಂತ ಅವರಿಗೆ ಗೊತ್ತಿಲ್ಲ. ನೆಟ್ಟಿನಲ್ಲಿ ನಮ್ಮ ಭಾಷೆಯ ಅರ್ಜಿ ಇಲ್ಲದಿರುವುದು, ನಮ್ಮ ಭಾಷೆಯ ಪುಸ್ತಕ ಇಲ್ಲದಿರುವುದು, ಇವೆರಡೂ ಬೇರೆ ಬೇರೆ ಅಂತ ನನಗೆ ಅನ್ನಿಸುವುದಿಲ್ಲ.

ಎಡನೀರು ಮಠ ನಮ್ಮಿಂದ ದೂರವಿಲ್ಲ. 1973ರಲ್ಲಿ 13 ನ್ಯಾಯಾಧೀಶರು ಕೂತು, 68 ದಿನ ಕೇಳಿ, ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟೂ ಮುಟ್ಟುವ ಹಾಗಿಲ್ಲ ಅಂತ ಹೇಳಿದ ಕೇಸಿಗೆ ಇರುವುದು ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು. ಯಕ್ಷಗಾನದ ಪದ ಹಾಡುತ್ತಿದ್ದ ಸ್ವಾಮಿಗಳು ಅವರು. ಕೋರ್ಟಿನ ತೀರ್ಪುಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಕಾಪಿರೈಟ್ ಕಾನೂನಿನಲ್ಲೇ ಹಾಗಿದೆ. ಅದೇ ಕಾನೂನು ಸರ್ಕಾರದ ಪಠ್ಯಪುಸ್ತಕ, ಗೆಜೆಟಿಯರುಗಳಿಗೆ 60 ವರ್ಷದ ಬೀಗ ಹಾಕಿ ಕೂತಿದೆ. ಎರಡೂ ನಮ್ಮ ದುಡ್ಡೇ ಅಲ್ವಾ? ಮೊದಲು ಬಿಡಬೇಕಾದದ್ದು ಇದನ್ನು.

ಈ ನಡುವೆ ದೊಡ್ಡ ಕಂಪನಿಗಳ ಎಐ ಯಂತ್ರಗಳು ನೆಟ್ಟಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿವೆ. ಕೇಳಿ ಓದಿದ್ದಾ ಕೇಳದೆ ಓದಿದ್ದಾ ಅಂತ ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ಓಪನ್‌ಎಐ ಮೇಲೆ ದಿಲ್ಲಿ ಹೈಕೋರ್ಟಿನಲ್ಲಿ ಕೇಸು ಹಾಕಿತು. ಆ ಕೇಸು ಏನೇ ಆಗಲಿ, ದೊಡ್ಡವರು ಮೊದಲು ತೆಗೆದುಕೊಂಡು ಆಮೇಲೆ ವಕೀಲರನ್ನು ಇಡುತ್ತಾರೆ. ನಮ್ಮ ಮಾಷ್ಟ್ರು ತಮ್ಮ ಕಪಾಟಿನ ಪುಸ್ತಕ ಸ್ಕ್ಯಾನ್ ಮಾಡಲು ಹೆದರುತ್ತಾರೆ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ, ಮನೆಯವರು ಮನಸ್ಸು ಮಾಡಿದರೆ ಸಾಕು. ಕಯ್ಯೂರಿನ ರೈತರ ಹೋರಾಟದ ಮೇಲೆ ಕಾದಂಬರಿ ಬರೆದ ನಿರಂಜನರ ಹತ್ತಾರು ಪುಸ್ತಕಗಳನ್ನು ಅವರ ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ, ಅಂದರೆ ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಹಂಚಬಹುದು ಅನ್ನುವ ಒಪ್ಪಿಗೆಯಲ್ಲಿ, ಬಿಟ್ಟುಕೊಟ್ಟರು. ಕಯ್ಯೂರು ನಮ್ಮ ಜಿಲ್ಲೆಯದ್ದೇ.

ನಾನು ಈಗ ಹಿಡಿದಿರುವ ಕೆಲಸ ಇದೇ. ತೀರಿಕೊಂಡ ಲೇಖಕರ ಮಕ್ಕಳನ್ನು ಹುಡುಕಿ ಕಾಗದ ಬರೆಸಿಕೊಳ್ಳುವುದು. ಒಬ್ಬರು ಮಂಗಳೂರಿನಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಶಾರ್ಜಾದಲ್ಲಿ. ಹೆಚ್ಚಿನವರು ಕೇಳುವುದು, “ಅಪ್ಪನ ಪುಸ್ತಕ ಈಗ ಯಾರು ಓದ್ತಾರೆ ಮಾರಾಯ್ರೇ?” ಅಂತ. ಬೇಡ ಅಂದವರು ಕಡಿಮೆ. ಹಕ್ಕು ತಮ್ಮ ಹತ್ತಿರ ಉಂಟು ಅಂತಲೇ ಹಲವರಿಗೆ ಗೊತ್ತಿರುವುದಿಲ್ಲ. ಒಬ್ಬರ ಅಕ್ಕ ಮಾತ್ರ, ಮೊದಲು ಪುಸ್ತಕದಲ್ಲಿರುವ ಅಚ್ಚಿನ ತಪ್ಪೆಲ್ಲ ಸರಿ ಮಾಡಿ, ಆಮೇಲೆ ಸಹಿ ಅಂದರು. ಅಪ್ಪನ ಕೈಬರಹದಲ್ಲೇ ತಿದ್ದಿದ ಒಂದು ಪ್ರತಿ ಅವರ ಹತ್ತಿರ ಇದೆಯಂತೆ, ಅದನ್ನು ನೋಡಲು ಬರುವ ವಾರ ನೀರ್ಚಾಲಿಗೆ ಹೋಗಬೇಕು.

ನಿಮ್ಮ ಮನೆಯಲ್ಲೂ ಅಪ್ಪನದೋ ದೊಡ್ಡಪ್ಪನದೋ ಪುಸ್ತಕ ಇದ್ದರೆ ಕಾಗದದಲ್ಲಿ ಇಷ್ಟು ಬರಲಿ: ಪುಸ್ತಕದ ಹೆಸರು, ಅಚ್ಚಾದ ವರ್ಷ, ಲೇಖಕರಿಗೂ ನಿಮಗೂ ಸಂಬಂಧ, ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಓದಬಹುದು, ಹಂಚಬಹುದು ಅನ್ನುವ ಒಂದು ಮಾತು, ಯಾವ ಲೈಸೆನ್ಸು ಅನ್ನುವುದು. ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಎಲ್ಲರ ಸಹಿಯೂ ಇರಲಿ, ಆಸ್ತಿ ಪಾಲಿನ ಹಾಗೆ ಆಮೇಲೆ ತಕರಾರು ಬೇಡ.